ರಸ್ತೆ ಎಲ್ಲರದು: ಬೈಕು ಓಡಿಸುವ ನಮ್ಮ ಸದಸ್ಯರಿಗೆ ನಾಲ್ಕು ಮಾತು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಾಲಿನ ಗುಣಮಟ್ಟ, ಪಶು ಆಹಾರ, ಬೋನಸ್ಸು ಇವುಗಳ ಬಗ್ಗೆ ಮಾತನಾಡುವುದಕ್ಕೆ ನನಗಿಂತ ತಿಳಿದವರು ಇಲ್ಲಿ ಇದ್ದಾರೆ. ಆಡಳಿತ ಮಂಡಳಿಯವರು ನನಗೆ ರಸ್ತೆಯಲ್ಲಿ ಬೈಕು ಓಡಿಸುವ ವಿಚಾರ ಕೊಟ್ಟಿದ್ದಾರೆ. ಡೇರಿ ಸಮಾರಂಭದಲ್ಲಿ ಬೈಕಿನ ಮಾತು ಯಾಕಪ್ಪ ಅಂತ ಕೆಲವರು ಅಂದುಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಅದಕ್ಕೆ ಉತ್ತರ ಸುಲಭ. ಸಂಘ ಶುರುವಾದ ಕಾಲದಲ್ಲಿ ಹಾಲು ಕೈಯಲ್ಲಿ, ತಲೆ ಮೇಲೆ, ಸೈಕಲ್ಲಿನಲ್ಲಿ ಬರುತ್ತಿತ್ತು. ಇವತ್ತು ಸಂಜೆ ಡೇರಿ ಮುಂದೆ ನಿಂತು ನೋಡಿ, ಮನುಷ್ಯರಿಗಿಂತ ಬೈಕುಗಳೇ ಜಾಸ್ತಿ. ಹಾಲು ಹಾಕೋ ಹೊತ್ತು ಯಾವುದು? ಬೆಳಗಿನ ಜಾವ ಇನ್ನೂ ಸರಿಯಾಗಿ ಬೆಳಕಾಗದ ಹೊತ್ತು, ಸಾಯಂಕಾಲ ಕತ್ತಲಾಗೋ ಹೊತ್ತು. ದಿನದ 24 ಗಂಟೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಎರಡೇ ಹೊತ್ತಿನಲ್ಲಿ ನಾವೆಲ್ಲ ಒಟ್ಟಿಗೆ ರಸ್ತೆಗೆ ಇಳಿಯುತ್ತೇವೆ. ಆದ್ದರಿಂದ ಇದು ಡೇರಿ ವಿಚಾರವೇ.

ಮೋಟಾರು ಸೈಕಲ್ಲು ನಮ್ಮ ಸೀಮೆಗೆ ಹೊಸದಲ್ಲ. 1961ರಿಂದ 1996ರ ತನಕ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಅದರ ಸದ್ದು ಕೇಳಿಯೇ ಯಾರ ಗಾಡಿ ಬಂತು ಅಂತ ಹೇಳುತ್ತಿದ್ದ ಹಿರಿಯರು ಇಲ್ಲೇ ಕೂತಿದ್ದಾರೆ. ಈಗ ಕಡಕೊಳದ ಹತ್ತಿರ ಬ್ಯಾತಹಳ್ಳಿಯಲ್ಲಿ ಟಿ.ವಿ.ಎಸ್. ಕಾರ್ಖಾನೆ ಇದೆ. ಗಾಡಿ ಮಾಡೋದರಲ್ಲಿ ನಮ್ಮ ಜಿಲ್ಲೆಗೆ ಹೆಸರಿದೆ. ಓಡಿಸೋದರಲ್ಲಿ ಇದೆಯೋ ಇಲ್ಲವೋ ಅದನ್ನು ನೀವೇ ಹೇಳಬೇಕು.

2022ನೇ ಇಸವಿಯ ಕೇಂದ್ರ ಸರ್ಕಾರದ ವರದಿ ಪ್ರಕಾರ ಆ ಒಂದೇ ವರ್ಷ ದೇಶದಲ್ಲಿ ರಸ್ತೆ ಅಪಘಾತದಿಂದ 1,68,491 ಜನ ಸತ್ತರು. ಅದರಲ್ಲಿ 100ಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,000ಕ್ಕೂ ಮೇಲೆ, ಅದರಲ್ಲಿ ಹಿಂದೆ ಕೂತವರೂ ಸೇರಿದ್ದಾರೆ. ಇಷ್ಟು ಅಂಕಿ ಸಾಕು.

ಈಗ ನಾನು ಕಣ್ಣಾರೆ ನೋಡುತ್ತಿರುವ ಜಾಗಕ್ಕೆ ಬರುತ್ತೇನೆ. ನಮ್ಮ ಊರಿನವರು ಹಲವರು ಬೆಳಿಗ್ಗೆ ಸೊಪ್ಪು, ತರಕಾರಿ, ತೆಂಗಿನಕಾಯಿ, ಹೂವು ಕಟ್ಟಿಕೊಂಡು ಮೈಸೂರಿನ ಕೃಷ್ಣಮೂರ್ತಿಪುರಂಗೆ ಹೋಗಿ ಮನೆ ಮನೆಗೆ ಕೊಟ್ಟು ಬರುತ್ತೇವೆ. ನಾನೂ ವಾರಕ್ಕೆ ಎರಡು ದಿನ ಹೋಗುತ್ತೇನೆ. ಬಂಡೀಪಾಳ್ಯದ ಎ.ಪಿ.ಎಂ.ಸಿ. ತನಕ ದೊಡ್ಡ ರಸ್ತೆ, ರಿಂಗ್ ರೋಡು ದಾಟಿ ಊರೊಳಗೆ ಹೋದ ಮೇಲೆ ಲೆಕ್ಕವೇ ಬೇರೆ. ಕೃಷ್ಣಮೂರ್ತಿಪುರಂ ಹಳೇ ಬಡಾವಣೆ. ಒಂದು ಮುಖ್ಯರಸ್ತೆ, ಅದಕ್ಕೆ ಅಡ್ಡಲಾಗಿ ಕ್ರಾಸು, ಮತ್ತೊಂದು ಕ್ರಾಸು. ಮೂಲೆ ಮನೆಯ ಕಾಂಪೌಂಡು ಗೋಡೆ, ಅದರ ಪಕ್ಕ ನಿಂತ ಕಾರು, ಇವುಗಳಿಂದ ಅಡ್ಡರಸ್ತೆಯಲ್ಲಿ ಬರೋನು ಕಾಣುವುದೇ ಇಲ್ಲ. ಶಾರದಾ ವಿಲಾಸ ವಿದ್ಯಾಸಂಸ್ಥೆ ಅಲ್ಲೇ ಇರುವುದರಿಂದ ಶಾಲೆ ಕಾಲೇಜಿನ ಹೊತ್ತಿನಲ್ಲಿ ಹುಡುಗ ಹುಡುಗಿಯರು ರಸ್ತೆ ತುಂಬ ಇರುತ್ತಾರೆ. ರಿಟೈರಾದ ಹಿರಿಯರು ಕೋಲು ಹಿಡಿದು ವಾಕಿಂಗ್ ಬರುತ್ತಾರೆ.

ಅಲ್ಲಿ ನಮ್ಮ ಹತ್ತಿರ ಸೊಪ್ಪು ತೊಗೊಳ್ಳುವ ಒಬ್ಬ ಅಮ್ಮನವರು ನನಗೆ ಹೇಳಿದ ಮಾತು ಇದು. "ಏನಪ್ಪಾ, ನಿಮ್ಮೂರಿನ ಹುಡುಗರ ಸೊಪ್ಪು ಚೆನ್ನಾಗಿರುತ್ತೆ, ಆದರೆ ಅವರ ಗಾಡಿ ಸದ್ದು ಕೇಳಿದರೆ ಗೇಟು ತೆಗೆಯೋಕ್ಕೇ ಭಯ ಆಗುತ್ತೆ" ಅಂದರು. ನನಗೆ ಒಂಥರಾ ಆಯಿತು. ನಾವು ಊರಿನಲ್ಲಿ ಏನು ಹೇಳುತ್ತೇವೆ? ನಂಜನಗೂಡು ರಸ್ತೆಯಲ್ಲಿ ಊಟಿಗೆ, ಬಂಡೀಪುರಕ್ಕೆ ಹೋಗುವ ಸಿಟಿಯವರು ಬಾಣ ಬಿಟ್ಟ ಹಾಗೆ ಹೋಗುತ್ತಾರೆ, ನಮ್ಮ ದನ ಕರು ಮಕ್ಕಳು ರಸ್ತೆ ದಾಟುವ ಹಾಗಿಲ್ಲ ಅಂತ ಬೈಯುತ್ತೇವೆ. ಅವರ ಬೀದಿಗೆ ನಾವು ಹೋದಾಗ ಅವರೂ ನಮ್ಮನ್ನು ಹಾಗೆಯೇ ಅಂತಾರೆ. ನನ್ನ ಮಾತಿನ ತಿರುಳು ಇಷ್ಟೇ ಕಣ್ರಪ್ಪ. ಲಾರಿ ಮುಂದೆ ಬೈಕಿನವನು ಬಡವ. ನಡೆದು ಹೋಗುವವರ ಮುಂದೆ ಅದೇ ಬೈಕಿನವನು ಸಾಹುಕಾರ. ಒಂದೇ ದಿನದಲ್ಲಿ ನಾವು ಎರಡೂ ಆಗುತ್ತೇವೆ.

ಸಿಗ್ನಲ್ಲೂ ಇಲ್ಲದ, ಪೊಲೀಸರೂ ಇಲ್ಲದ ಕ್ರಾಸಿನಲ್ಲಿ ಯಾರು ಮೊದಲು ಹೋಗಬೇಕು ಅಂತ ಎಷ್ಟು ಜನಕ್ಕೆ ಗೊತ್ತಿದೆ? ಹಾರನ್ ಹೊಡೆದೋನು ಮೊದಲು ಅಂತ ನಮ್ಮ ಹುಡುಗರ ಕಾನೂನು. ನಿಜವಾದ ಕಾನೂನು ಹಾಗಿಲ್ಲ. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಬರುವವನು ದೊಡ್ಡ ರಸ್ತೆಯವನಿಗೆ ದಾರಿ ಬಿಡಬೇಕು. ಎರಡೂ ಒಂದೇ ಥರದ ರಸ್ತೆಯಾದರೆ ನಮ್ಮ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ಮೈಸೂರಿನಲ್ಲಿ ಸರ್ಕಲ್ಲಿಗೆ ಬರವಿಲ್ಲವಲ್ಲ, ಅಲ್ಲಿ ಆಗಲೇ ಸರ್ಕಲ್ ಸುತ್ತುತ್ತಿರುವವನಿಗೆ ಮೊದಲ ಹಕ್ಕು, ಹೊಸದಾಗಿ ನುಗ್ಗುವವನು ಕಾಯಬೇಕು. ಚಾಮುಂಡಿಪುರಂ ಸರ್ಕಲ್ಲಿನಲ್ಲಿ ಬೆಳಿಗ್ಗೆ 9 ಗಂಟೆಗೆ ಹತ್ತು ನಿಮಿಷ ನಿಂತು ನೋಡಿ, ಈ ನಿಯಮ ಓದಿದವರು ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುತ್ತೆ. ನೀರಿನ ಸರದಿ ತಪ್ಪಿದರೆ ಕಾಲುವೆ ಮೇಲೆ ಹೊಡೆದಾಟಕ್ಕೆ ನಿಲ್ಲುವ ನಾವು ರಸ್ತೆ ಸರದಿಯನ್ನು ಯಾಕೆ ಲೆಕ್ಕಕ್ಕೆ ಇಡೋದಿಲ್ಲವೋ!

ವೇಗದ ಲೆಕ್ಕ ಒಂದು ಹೇಳಿಬಿಡುತ್ತೇನೆ. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 55 ಅಡಿ ಹೋಗುತ್ತದೆ. ಅಡ್ಡ ಬಂದ ಕರುವನ್ನು ಕಣ್ಣು ನೋಡಿ, ಮನಸ್ಸಿಗೆ ತಿಳಿದು, ಕಾಲು ಕೈ ಬ್ರೇಕ್ ಒತ್ತುವುದಕ್ಕೇ ಒಂದು ಸೆಕೆಂಡು ಹಿಡಿಯುತ್ತದೆ. ಅಂದರೆ ಬ್ರೇಕು ಹಿಡಿಯುವ ಮುಂಚೆಯೇ 55 ಅಡಿ ಮುಗಿಯಿತು. ನಿಲ್ಲುವುದಕ್ಕೆ ಆಮೇಲೆ ಇನ್ನೂ ಅಷ್ಟೋ ಅದಕ್ಕಿಂತ ಹೆಚ್ಚೋ ಬೇಕು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತೆ ಅಂತ ನಮ್ಮಲ್ಲಿ ಒಂದು ಭಯ ಇದೆ. ಗಾಡಿ ನಿಧಾನವಾಗುವಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತೆ, ಆದ್ದರಿಂದ ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನ ಬ್ರೇಕಿಗೇ. ನೇರವಾಗಿ ಹೋಗುವಾಗ ಎರಡನ್ನೂ ಸೇರಿಸಿ ಹಿಡಿಯಬೇಕು, ಮರಳು, ಸಗಣಿ, ಒದ್ದೆ ಇರುವ ಕಡೆ ಮೆಲ್ಲಗೆ. 2019ರಿಂದ ಈಚೆಗೆ ಮಾರಾಟಕ್ಕೆ ಬಂದ ಸಣ್ಣ ಗಾಡಿಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಹಿಡಿಯುವ ಏರ್ಪಾಡು ಇದೆ, 125 ಸಿ.ಸಿ. ಮೇಲ್ಪಟ್ಟವಕ್ಕೆ ಚಕ್ರ ಕಚ್ಚಿಕೊಳ್ಳದ ಹಾಗೆ ಎ.ಬಿ.ಎಸ್. ಇದೆ. ಹಳೇ ಗಾಡಿ ಇಟ್ಟುಕೊಂಡವರು ಬ್ರೇಕಿನ ಲೈನರ್ ಆದರೂ ನೋಡಿಸಿಕೊಳ್ಳಿ.

ಹಾಲಿನ ಕ್ಯಾನಿನ ವಿಚಾರ. ಒಂದೇ ಕಡೆ ಕ್ಯಾನು ನೇತುಹಾಕಿದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ತುಂಬಿದ ಕ್ಯಾನಿಗಿಂತ ಅರ್ಧ ಕ್ಯಾನು ಕಷ್ಟ, ಒಳಗೆ ಹಾಲು ತುಳುಕಿ ತಿರುವಿನಲ್ಲಿ ಗಾಡಿಯನ್ನು ಅಲ್ಲಾಡಿಸುತ್ತದೆ. ಎರಡೂ ಕಡೆ ಸಮ ಮಾಡಿ ಕಟ್ಟಿ, ಹ್ಯಾಂಡಲ್ಲಿಗಂತೂ ಏನನ್ನೂ ನೇತುಹಾಕಬೇಡಿ. ಇನ್ನು ಸೀಮೆಹುಲ್ಲಿನ ಹೊರೆ. ಹಿಂದೆ ಅಡ್ಡಲಾಗಿ ಕಟ್ಟಿದರೆ ಅದು ಎರಡೂ ಕಡೆ ಮೂರು ಮೂರು ಅಡಿ ಚಾಚಿರುತ್ತದೆ. ಓಡಿಸುವವನಿಗೆ ತನ್ನ ಗಾಡಿ ಸಣ್ಣದು ಅಂತಲೇ ಭಾವನೆ. ಎದುರಿಗೆ ಬರುವ ಬೈಕಿನವನ ಮುಖಕ್ಕೆ ಹೊಡೆದಾಗಲೇ ಗೊತ್ತಾಗುವುದು. ಆ ಹೊರೆ ಹಿಂದಿನ ಲೈಟು, ಇಂಡಿಕೇಟರ್ ಎರಡನ್ನೂ ಮುಚ್ಚಿಬಿಡುತ್ತದೆ. ಅದರೊಳಗೆ ಸಿಕ್ಕಿಸಿದ ಕುಡುಗೋಲಿನ ಮೊನೆ ಹೊರಗೆ ಇರುತ್ತೆ, ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊರೆಯನ್ನು ಉದ್ದಕ್ಕೆ ಕಟ್ಟಿ ಅಥವಾ ಎರಡು ಸಲ ಹೋಗಿ ಬನ್ನಿ.

ತಾಯಂದಿರಿಗೆ ಒಂದು ಮಾತು. ಹಿಂದೆ ಪಕ್ಕಕ್ಕೆ ಕೂರುವಾಗ ಸೀರೆ ಸೆರಗು, ದುಪ್ಪಟ್ಟ ಚಕ್ರಕ್ಕೆ ಸಿಕ್ಕಿ ಬಿದ್ದವರು ಬಹಳ ಜನ. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡು ಇರಲೇಬೇಕು ಅಂತ ನಿಯಮವೇ ಇದೆ, ಆದರೆ ಗಾಡಿ ಚೆಂದ ಕಾಣಲ್ಲ ಅಂತ ಹುಡುಗರು ಬಿಚ್ಚಿಸಿ ಅಟ್ಟದ ಮೇಲೆ ಹಾಕುತ್ತಾರೆ. ನೀವು ಗಾಡಿ ಹತ್ತುವ ಮುಂಚೆ ಗಾರ್ಡು ಎಲ್ಲಿ ಅಂತ ಮಗನನ್ನೋ ಅಳಿಯನನ್ನೋ ಕೇಳಿ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು ಅಂತ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಕಡ್ಡಾಯವಾಗಿದೆ. 4 ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಮಗುವಿಗೆ ಹೆಲ್ಮೆಟ್, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟು, ವೇಗ 40 ದಾಟಬಾರದು ಅಂತ 2023ರಿಂದ ನಿಯಮ ಬಂದಿದೆ. ಹೆಲ್ಮೆಟ್ ಅಂದರೆ ತಲೆ ಮೇಲಿನ ಟೋಪಿ ಅಲ್ಲ. ಒಳಗಿರುವ ಥರ್ಮಾಕೋಲ್ ಪದರ ತಾನು ಜಜ್ಜಿಹೋಗಿ ಏಟನ್ನು ತಿನ್ನುತ್ತದೆ, ಅದೇ ಅದರ ಕೆಲಸ. ಹಾಗಾಗಿ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಐ.ಎಸ್.ಐ. ಗುರುತು ನೋಡಿ ತೊಗೊಳ್ಳಿ, ಗಲ್ಲದ ಪಟ್ಟಿ ಹಾಕಿಕೊಳ್ಳಿ. ಪಟ್ಟಿ ಹಾಕದ ಹೆಲ್ಮೆಟ್ ನಮಗಿಂತ ಮುಂಚೆ ಬಿದ್ದು ಉರುಳಿಹೋಗುತ್ತೆ. ಪೊಲೀಸರು ಕಂಡ ಕೂಡಲೇ ಕೈಯಿಂದ ತಲೆಗೆ ಏರಿಸುವ ಹೆಲ್ಮೆಟ್ಟಿಗೆ ಮೊಣಕೈ ಉಳಿಸುವ ಶಕ್ತಿ ಇದ್ದರೂ ಇರಬಹುದು.

ಲಾರಿ ಬಸ್ಸಿನ ಹತ್ತಿರ ಹೋಗುವಾಗ ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಮಗೆ ಕಾಣುತ್ತೋ ನೋಡಬೇಕು. ನಮಗೆ ಅವನ ಮುಖ ಕಾಣದಿದ್ದರೆ ಅವನಿಗೂ ನಾವು ಕಾಣುವುದಿಲ್ಲ. ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮೂಲೆಗೆ ಒತ್ತಿಕೊಂಡು ಬರುತ್ತದೆ, ಎಡಗಡೆ ಸಂದಿಯಲ್ಲಿ ನುಗ್ಗಿದವನಿಗೆ ಜಾಗ ಉಳಿಯುವುದಿಲ್ಲ. ನಿಂತ ಬಸ್ಸಿನ ಎಡಗಡೆಯಿಂದ ನುಗ್ಗಲೇಬಾರದು, ಅಲ್ಲಿ ಇಳಿಯುತ್ತಿರುವವರು ನಮ್ಮೂರಿನ ಅಜ್ಜಿಯೇ ಆಗಿರಬಹುದು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರ್ ಓಡಿಸುವುದನ್ನು ನಿಲ್ಲಿಸಿದರು. ಮಂಡ್ಯದ ಕಡೆಯ ನಮ್ಮ ನೆಂಟರಿಗೆ ಬಹಳ ಸಿಟ್ಟು ಬಂತು. ಜಮೀನು ಕೊಟ್ಟೋರು ನಾವು, ರಸ್ತೆ ಕಾರಿನೋರಿಗೆ ಅಂತ. ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಆದರೂ 100ರ ಮೇಲೆ ಹೋಗುವ ಕಾರು, 50ರಲ್ಲಿ ಹೋಗುವ ಬೈಕು, 20ರಲ್ಲಿ ಹೋಗುವ ಟ್ರ್ಯಾಕ್ಟರ್ ಒಂದೇ ಸಾಲಿನಲ್ಲಿ ಇರಬಾರದು ಅಂತಲೇ ನನ್ನ ಅಭಿಪ್ರಾಯ. ಕೇಳಬೇಕಾದದ್ದು ಸರ್ವೀಸ್ ರಸ್ತೆಯನ್ನು ಸರಿಯಾಗಿ ಮಾಡಿಕೊಡಿ ಅಂತ. ಹಾಗೆ ಕೇಳುವ ಹಕ್ಕು ಬರಬೇಕಾದರೆ ನಮ್ಮ ಊರಿನ ರಸ್ತೆಯನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಅನ್ನೋದನ್ನೂ ನೋಡಬೇಕಲ್ಲ.

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬಾರದು. ಸುಗ್ಗಿ ಬಂತೆಂದರೆ ನಮ್ಮ ರಸ್ತೆಯೆಲ್ಲ ಕಣ. ರಾಗಿ, ಹುರುಳಿ, ಅವರೆ, ಜೋಳ ಎಲ್ಲ ಟಾರಿನ ಮೇಲೆ. ಯಾಕೆ ಅಂತ ನನಗೂ ಗೊತ್ತು. ಊರ ಮುಂದಿನ ಕಣಗಳಲ್ಲಿ ಮನೆ ಎದ್ದವು, ಸಗಣಿ ಸಾರಿಸಿ ರೋಣಗಲ್ಲು ಹೊಡೆಯೋಕೆ ಆಳೂ ಇಲ್ಲ ಎತ್ತೂ ಇಲ್ಲ. ರಸ್ತೆಗೆ ಹರಡಿದರೆ ಹೋಗೋ ಬರೋ ಗಾಡಿಗಳೇ ಪುಕ್ಕಟೆ ತುಳಿದುಕೊಡುತ್ತವೆ. ಆದರೆ ಹುರುಳಿ ಬಳ್ಳಿ ಮೇಲೆ ಬೈಕಿನ ಚಕ್ರ ಎಣ್ಣೆ ಮೇಲೆ ಹೋದ ಹಾಗೆ ಜಾರುತ್ತದೆ. ಕಾರಿನ ಅಡಿಗೆ ಬಳ್ಳಿ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಿದ ಘಟನೆಗಳೂ ನಡೆದಿವೆ. ಎಲ್ಲಕ್ಕಿಂತ ಕೆಟ್ಟದ್ದು ಕಲ್ಲು. ಕಾಳು ಚೆಲ್ಲದ ಹಾಗೆ, ಗಾಡಿ ಬಳಸಿ ಹೋಗಲಿ ಅಂತ ಸುತ್ತ ದಪ್ಪ ಕಲ್ಲು ಇಡುತ್ತೇವೆ. ಸಂಜೆ ಕಾಳು ಮನೆಗೆ ಹೋಗುತ್ತೆ, ಕಲ್ಲು ರಸ್ತೆಯಲ್ಲೇ ಇರುತ್ತೆ. ರಾತ್ರಿ ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆದಾಗ ಆ ಕಲ್ಲು ಯಾರಿಗೆ ಕಾಣುತ್ತೆ? ಹಲವು ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೆಲಸದಲ್ಲಿ ಸಾಮೂಹಿಕ ಒಕ್ಕಣೆ ಕಣ ಮಾಡಿಸಿಕೊಂಡರು. ನಮ್ಮ ಊರಿಗೂ ಒಂದು ಬೇಕು ಅಂತ ಸಂಘದ ಲೆಟರ್ ಹೆಡ್ಡಿನಲ್ಲಿ ಪಂಚಾಯಿತಿಗೆ ಅರ್ಜಿ ಕೊಡೋಣ. ಅದು ಬರೋ ತನಕ ಕಲ್ಲನ್ನಂತೂ ಸಂಜೆಯೊಳಗೆ ತೆಗೆಯಿರಿ.

ಎರಡನೆಯದು ಕಬ್ಬಿನ ಟ್ರೇಲರು. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುವ ಕಾಲದಲ್ಲಿ ರಾತ್ರಿಯೆಲ್ಲ ಓಡಾಟ. ಟ್ರೇಲರಿನ ಹಿಂದೆ ಲೈಟು ಇಲ್ಲ, ಕೆಂಪು ರಿಫ್ಲೆಕ್ಟರ್ ಇಲ್ಲ, ಇದ್ದರೂ ಮಣ್ಣು ಮೆತ್ತಿರುತ್ತೆ, ಕಬ್ಬಿನ ಗರಿ ಅದರ ಮೇಲೆ ಇಳಿಬಿದ್ದಿರುತ್ತೆ. ಪಂಕ್ಚರ್ ಆಯಿತು ಅಂತ ರಸ್ತೆಯಲ್ಲೇ ನಿಲ್ಲಿಸಿ ಎರಡು ಸೊಪ್ಪಿನ ಕೊಂಬೆ ಹಾಕಿ ಹೋಗುತ್ತಾರೆ. ಕತ್ತಲಲ್ಲಿ ಕಪ್ಪು ಟಾರಿನ ಮೇಲೆ ಒಣಗಿದ ಕೊಂಬೆ! ನಮ್ಮ ಸದಸ್ಯರೊಬ್ಬರ ಮಗ ಕೆಲಸ ಮುಗಿಸಿ ಮನೆಗೆ ಬರುವಾಗ ಹೀಗೆ ನಿಂತ ಒಂದು ಟ್ರೇಲರಿಗೆ ಹಿಂದಿನಿಂದ ಹೊಡೆದ. ಜೀವ ಉಳಿಯಿತು, ಆದರೆ ಬಲಗೈ ಮೇಲಕ್ಕೆ ಏಳುವುದಿಲ್ಲ. ಆ ಮನೆಯಲ್ಲಿ ಈಗ ಹಾಲು ಕರೆಯುವುದು ಅವನ ತಾಯಿ ಒಬ್ಬರೇ. ಅವರು ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ, ಅವರ ಒಪ್ಪಿಗೆ ಕೇಳಿಯೇ ಈ ಮಾತು ಹೇಳುತ್ತಿದ್ದೇನೆ.

ಕಾಗದ ಪತ್ರದ ವಿಚಾರ ಬೇಗ ಮುಗಿಸುತ್ತೇನೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿನ ಜೊತೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕೊಡುತ್ತಾರೆ. ಅನುಕೂಲವೇ. ಆದರೆ 5 ವರ್ಷ ಸುಮ್ಮನಿದ್ದ ಮೇಲೆ ಆರನೇ ವರ್ಷ ಕಟ್ಟಬೇಕು ಅನ್ನೋದೇ ಮರೆತುಹೋಗುತ್ತೆ. ನಿಮ್ಮ ನಿಮ್ಮ ಗಾಡಿಯ ತಾರೀಖು ಮನೆಗೆ ಹೋಗಿ ನೋಡಿ. ವಿಮೆ ಇಲ್ಲದ ಗಾಡಿ ಯಾರಿಗಾದರೂ ಹೊಡೆದರೆ ಪರಿಹಾರವನ್ನು ಮಾಲೀಕನೇ ಕಟ್ಟಬೇಕು, ಕಟ್ಟದಿದ್ದರೆ ಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ಮಾಡುತ್ತಾರೆ, ಅಂದರೆ ಪಹಣಿಗೇ ಬರುತ್ತೆ. ಟ್ರೇಲರಿಗೂ ನೋಂದಣಿ, ವಿಮೆ ಬೇಕು. ಇನ್ನು ಎಂಟು ಒಂಬತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಹಾಲು ಕೊಟ್ಟು ಬೈಕಿನಲ್ಲಿ ಕಳಿಸುವ ಅಪ್ಪಂದಿರು. 2019ರ ತಿದ್ದುಪಡಿ ಕಾನೂನಿನಲ್ಲಿ ತಂದೆ ತಾಯಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು ಅಂತ ಇದೆ. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ.

ಯಾರಾದರೂ ಬಿದ್ದಿದ್ದರೆ ನಿಲ್ಲಬೇಕೋ ಬೇಡವೋ? 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಹರೀಶ್ ಎಂಬ ಯುವಕ ಗುಬ್ಬಿ ಕಡೆಯ ತನ್ನ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಓಟು ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ಸು ಹೋಗುತ್ತಿದ್ದ. ಲಾರಿ ಹೊಡೆದು ದೇಹ ಎರಡು ಭಾಗ ಆಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಸುತ್ತ ನಿಂತವರಿಗೆ ಹೇಳಿ ಪ್ರಾಣ ಬಿಟ್ಟ. ಕಣ್ಣು ದಾನ ಆಯಿತು. ಅದಾದ ಮೇಲೆ ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ಹರೀಶ್ ಸಾಂತ್ವನ ಯೋಜನೆ ತಂದು, ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿ ತನಕ ಉಚಿತ ಚಿಕಿತ್ಸೆ ಅಂತ ಮಾಡಿತು. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ಯೋಜನೆ ಜಾರಿಗೆ ಬಂದಿದೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದ ತನಕ ಒಂದೂವರೆ ಲಕ್ಷದವರೆಗೆ ದುಡ್ಡು ಕಟ್ಟದೆ ಚಿಕಿತ್ಸೆ. ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತೆ ಅನ್ನುವ ಭಯದಿಂದ ಜನ ಮುಖ ತಿರುಗಿಸಿ ಹೋಗುತ್ತಿದ್ದರು. ಈಗ ಕಾನೂನಿನಲ್ಲೇ ರಕ್ಷಣೆ ಇದೆ. ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ವಿಳಾಸ ಕೊಡಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ. 108ಕ್ಕೋ 112ಕ್ಕೋ ಫೋನು ಮಾಡಿ. ಬಿದ್ದವರ ಕತ್ತು ಅಲ್ಲಾಡಿಸಬೇಡಿ, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ರಕ್ತ ಸೋರುವ ಕಡೆ ಒಗೆದ ಬಟ್ಟೆ ಇಟ್ಟು ಒತ್ತಿಹಿಡಿಯಿರಿ. ಮೊಬೈಲು ತೆಗೆದು ವಿಡಿಯೋ ಮಾಡುವವನ ಕೈಯಿಂದ ಅದನ್ನು ಕಿತ್ತುಕೊಂಡು 108ಕ್ಕೆ ಮಾಡಿದರೂ ತಪ್ಪಿಲ್ಲ ಅಂತ ನನ್ನ ಭಾವನೆ.

ಕೊನೆಯದಾಗಿ ಆಡಳಿತ ಮಂಡಳಿಯ ತೀರ್ಮಾನ ತಿಳಿಸುತ್ತೇನೆ. ರಜತ ಮಹೋತ್ಸವದ ಖರ್ಚಿನಲ್ಲಿ ಹಾರ, ಶಾಲಿನ ಬಾಬ್ತು ಸ್ವಲ್ಪ ಕಡಿಮೆ ಮಾಡಿ ಕೆಂಪು ಬಿಳಿ ರೇಡಿಯಂ ಟೇಪು ತರಿಸಿದ್ದೇವೆ. ಇದಕ್ಕೆ ಒಬ್ಬಿಬ್ಬರು ನಿರ್ದೇಶಕರ ಆಕ್ಷೇಪಣೆ ಇತ್ತು, ಚರ್ಚೆ ಆಗಿ ಒಪ್ಪಿದರು. ಬರುವ ಭಾನುವಾರ ಬೆಳಿಗ್ಗೆ ಹಾಲು ಮುಗಿದ ಮೇಲೆ ಡೇರಿ ಮುಂದೆ ಸದಸ್ಯರ ಟ್ರೇಲರು, ಎತ್ತಿನ ಗಾಡಿ, ಬೈಕಿನ ಕ್ಯಾನು ಎಲ್ಲಕ್ಕೂ ಪುಕ್ಕಟೆಯಾಗಿ ಅಂಟಿಸಿಕೊಡುತ್ತೇವೆ. ಸದಸ್ಯರಲ್ಲದವರೂ ತರಬಹುದು. ಹಿಂದೆ ಕೆಂಪು, ಮುಂದೆ ಬಿಳಿ, ಅದು ತಿರುವುಮುರುವು ಆಗಬಾರದು. ಬರುವ ಮುಂಚೆ ಟ್ರೇಲರಿನ ಹಿಂಬದಿಯನ್ನು ಚೆನ್ನಾಗಿ ತೊಳೆದು ಒಣಗಿಸಿಕೊಂಡು ಬನ್ನಿ, ಮಣ್ಣಿನ ಮೇಲೆ ಟೇಪು ನಿಲ್ಲುವುದಿಲ್ಲ. ಒಕ್ಕಣೆ ಕಣದ ಅರ್ಜಿಯೂ ಅಲ್ಲೇ ಇರುತ್ತದೆ, ರುಜು ಹಾಕಿ ಹೋಗಿ.